ಭಯದ ಸಮತೋಲನ ಶಾಂತಿಯಲ್ಲ

ಅಣ್ವಸ್ತ್ರಗಳ ಭಯವೇ 1945ರಿಂದ ಮಹಾಯುದ್ಧವನ್ನು ತಡೆದಿದೆ, ಮಹಾಶಕ್ತಿಗಳ ಪೈಪೋಟಿಯಿಂದ ಪುಣೆಯ ವಿಮಾನ ನಗರದಂಥ ದೂರದ ಬಡಾವಣೆಗೆ ಆತಂಕವಿಲ್ಲ ಎಂಬ ವಾದವಿದೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಯುದ್ಧ ಸಾರಲಿಲ್ಲ ಎಂಬಷ್ಟು ಮಾತ್ರ ನಿಜ.

ಮೊದಲನೆಯದಾಗಿ, ಆ ಪೈಪೋಟಿಯ ರಕ್ತ ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನಗಳಲ್ಲಿ ಹರಿಯಿತು. ಅದನ್ನು ಶಾಂತಿ ಎನ್ನಲಾಗದು.

ಎರಡನೆಯದಾಗಿ, ಅನಾಹುತ ತಪ್ಪಿದ್ದು ಭಯದಿಂದಷ್ಟೇ ಅಲ್ಲ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸುಳ್ಳು ಎಚ್ಚರಿಕೆ ಕೊಟ್ಟಿತು. ಸ್ತಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಅದನ್ನು ನಂಬಲಿಲ್ಲ. ಒಬ್ಬನ ವಿವೇಚನೆಯ ಮೇಲೆ ನಿಂತ ಭದ್ರತೆಯನ್ನು ವ್ಯವಸ್ಥೆಯ ಗೆಲುವೆನ್ನುವುದು ತರ್ಕವಲ್ಲ.

ಮೂರನೆಯದಾಗಿ, ದೂರ ಎಂಬುದು ಭ್ರಮೆ. 1971ರ ಡಿಸೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧದ ವೇಳೆ ಅಮೆರಿಕದ ‘ಎಂಟರ್‌ಪ್ರೈಸ್’ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂತು, ಸೋವಿಯತ್ ನೌಕೆಗಳೂ ಹಿಂದೂ ಮಹಾಸಾಗರಕ್ಕೆ ಇಳಿದವು. ವಿಮಾನ ನಗರದ ಮಗ್ಗುಲಲ್ಲೇ ಇರುವ ಲೋಹೆಗಾಂವ್ ವಾಯುನೆಲೆಯಲ್ಲಿ ರಷ್ಯಾ ಮೂಲದ ಸುಖೋಯ್-30 ವಿಮಾನಗಳಿವೆ. ಯುದ್ಧದಲ್ಲಿ ವಾಯುನೆಲೆಗಳು ಮೊದಲ ಗುರಿಗಳಲ್ಲಿ ಸೇರುತ್ತವೆ. ಹಿರೋಶಿಮಾದ ಮೇಲೆ ಬಿದ್ದ ಸುಮಾರು 15 ಕಿಲೋಟನ್ ಬಾಂಬು ಎರಡು ಕಿಲೋಮೀಟರ್ ತ್ರಿಜ್ಯದೊಳಗಿನ ಬಹುತೇಕ ಕಟ್ಟಡಗಳನ್ನು ನೆಲಸಮ ಮಾಡಿತು. ಇಲ್ಲಿ ವಾಯುನೆಲೆಗೂ ಮನೆಗಳಿಗೂ ಅಷ್ಟು ಅಂತರವೂ ಇಲ್ಲ.

ಕೊನೆಯದಾಗಿ, ಭಯಕ್ಕೆ ಕಡಿವಾಣ ಹಾಕಿದ್ದು ಒಪ್ಪಂದಗಳು. ಆದರೆ ಅವುಗಳಲ್ಲೊಂದಾದ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ 1987ರ ಮಧ್ಯಮ ವ್ಯಾಪ್ತಿಯ ಕ್ಷಿಪಣಿ ಒಪ್ಪಂದ 2019ರಲ್ಲಿ ಮುರಿದುಬಿತ್ತು. ಭಾರತ ಘೋಷಿಸಿರುವ ‘ಮೊದಲು ಬಳಸುವುದಿಲ್ಲ’ ನೀತಿಯನ್ನು ಎಲ್ಲ ಅಣ್ವಸ್ತ್ರ ರಾಷ್ಟ್ರಗಳೂ ಒಪ್ಪಬೇಕು, ಅಣ್ವಸ್ತ್ರ ಕಡಿತದ ಮಾತುಕತೆ ಮತ್ತೆ ಆರಂಭವಾಗಬೇಕು. ಜನರ ಒತ್ತಾಯವಿಲ್ಲದೆ ಇದು ಆಗದು.