ಕಾಯುವವಳ ತಲೆಗೆ

ಯುದ್ಧವೆಂದರೆ ಹೆಚ್ಚಿನ ಹೊತ್ತು ಕಾಯುವ ಕೆಲಸವೇ. ಪಹರೆಗೆ ನಿಂತವನ ಮನಸ್ಸು ಸುಮ್ಮನಿರುವುದಿಲ್ಲ. ಭಯ ಮರೆಯಲು ಅದು ಒಬ್ಬಳನ್ನು ಕಟ್ಟಿಕೊಳ್ಳುತ್ತದೆ.

ಲಿಲಿ ಮರ್ಲೀನ್ ಹುಟ್ಟಿದ್ದು ಹಾಗೆ. 1915ರಲ್ಲಿ ರಷ್ಯಾದ ರಣರಂಗಕ್ಕೆ ಹೊರಟಿದ್ದ ಜರ್ಮನ್ ಸೈನಿಕ ಹಾನ್ಸ್ ಲೈಪ್ ಇಬ್ಬರು ಹುಡುಗಿಯರ ಹೆಸರು ಬೆಸೆದು ಪದ್ಯದಲ್ಲೊಬ್ಬ ನಲ್ಲೆಯನ್ನು ಸೃಷ್ಟಿಸಿದ. ಗಾಯಕಿ ಲಾಲೆ ಆಂಡರ್ಸನ್ 1939ರಲ್ಲಿ ಹಾಡಿದ ಆ ಗೀತೆ, 1941ರಿಂದ ಜರ್ಮನ್ನರ ವಶದಲ್ಲಿದ್ದ ಬೆಲ್‌ಗ್ರೇಡ್ ರೇಡಿಯೋದಲ್ಲಿ ರಾತ್ರಿ ಹತ್ತರ ಹೊತ್ತಿಗೆ ತಪ್ಪದೆ ಕೇಳಿಬರುತ್ತಿತ್ತು. ನಾತ್ಸಿ ಪ್ರಚಾರ ಸಚಿವ ಗೋಬೆಲ್ಸ್‌ಗೆ ಅದು ಹಿಡಿಸಲಿಲ್ಲ. ಉತ್ತರ ಆಫ್ರಿಕಾದ ಮರಳಿನಲ್ಲಿ ಎದುರಾಳಿ ಬ್ರಿಟಿಷ್ ಸೈನಿಕರೂ ಅದಕ್ಕೆ ಕಿವಿಗೊಟ್ಟರು. ಎರಡೂ ಪಾಳೆಯದ ಕನಸಿಗೆ ಬಂದವಳು ನಿಜಕ್ಕೂ ಎಲ್ಲಿಯೂ ಇರಲಿಲ್ಲ. ಹಾಗಾಗಿ ಆ ಕನಸಿನ ಭಾರ ಯಾರ ಮೇಲೂ ಬೀಳಲಿಲ್ಲ.

ಕನಸಿನವಳಿಗೆ ನಿಜವಾದ ಹೆಸರು, ವಿಳಾಸ ಇದ್ದಾಗ ಮಾತು ಬೇರೆ. 1941ರಲ್ಲಿ ಸೋವಿಯತ್ ಕವಿ ಕಾನ್‌ಸ್ಟಾಂಟಿನ್ ಸಿಮೊನೊವ್ ನಟಿ ವಲೆಂಟಿನಾ ಸೆರೊವಾಗಾಗಿ 'ನನಗಾಗಿ ಕಾದಿರು' ಎಂಬ ಕವಿತೆ ಬರೆದರು. ಮರುವರ್ಷ 'ಪ್ರಾವ್ದಾ' ಪತ್ರಿಕೆಯಲ್ಲಿ ಅಚ್ಚಾದದ್ದೇ ತಡ, ಸೋವಿಯತ್ ಸೈನಿಕರು ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರು, ನಕಲು ಮಾಡಿ ಮನೆಗೆ ಕಳಿಸಿದರು. ನಾನು ಉಳಿದರೆ ಅದು ನೀನು ಕಾದ ಫಲ ಎಂಬುದು ಕವಿತೆಯ ಸಾರ. ಎಷ್ಟೋ ಜನರಿಗೆ ಅದು ಧೈರ್ಯ ಕೊಟ್ಟದ್ದು ನಿಜ. ಆದರೆ ಮರಳದವನ ಹೆಂಡತಿ ಏನೆಂದುಕೊಳ್ಳಬೇಕು? ಕಾಯುವುದರಲ್ಲಿ ತಾನೇ ಎಲ್ಲೋ ತಪ್ಪಿದೆನೆಂದೇ? ಸೆರೊವಾ ಆಗಲೇ ವಿಧವೆ; ಅವರ ಮೊದಲ ಪತಿ, ವಿಮಾನ ಚಾಲಕ ಅನಾತೊಲಿ ಸೆರೊವ್, 1939ರಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದರು.

ವಿಯೆಟ್ನಾಂನಲ್ಲಿ ಹೋರಾಡಿದ ಅಮೆರಿಕದ ಕಥೆಗಾರ ಟಿಮ್ ಓಬ್ರಿಯನ್ ತಮ್ಮ 'ದಿ ಥಿಂಗ್ಸ್ ದೇ ಕ್ಯಾರೀಡ್' (1990) ಪುಸ್ತಕದಲ್ಲಿ ಈ ಲೆಕ್ಕವನ್ನು ತಿರುವಿಹಾಕಿದರು. ತನ್ನನ್ನು ಪ್ರೀತಿಸದ ಮಾರ್ಥಾಳ ಗುಂಗಿನಲ್ಲಿರುವಾಗಲೇ ಲೆಫ್ಟಿನೆಂಟ್ ಜಿಮ್ಮಿ ಕ್ರಾಸ್‌ನ ತುಕಡಿಯ ಸೈನಿಕನೊಬ್ಬ ಗುಂಡಿಗೆ ಬಲಿಯಾಗುತ್ತಾನೆ. ಸಾವಿನ ಹೊಣೆಯನ್ನು ಕ್ರಾಸ್ ತಾನೇ ಹೊರುತ್ತಾನೆ. ಸುಡುವುದು ಮಾತ್ರ ಅವಳ ಪತ್ರಗಳನ್ನು.

ಸಾವಿತ್ರಿಯನ್ನು ಹಾಡಿ ಹೊಗಳುತ್ತಲೇ ವಿಧವೆಯ ಕಾಲ್ಗುಣವನ್ನು ಹಳಿದವರು ನಾವು. ಈ ತರ್ಕ ನಮಗೆ ಹೊಸದಲ್ಲ. ಸೈನಿಕ ಕನಸು ಕಾಣಲಿ, ಅದೊಂದಾದರೂ ಅವನದಾಗಿರಲಿ. ಆದರೆ ಅವನ ಬದುಕನ್ನು ಹೆಣ್ಣಿನ ನಿಷ್ಠೆಯ ಫಲವೆಂದು ಕೊಂಡಾಡುವಾಗ, ಅವನ ಸಾವನ್ನೂ ಅವಳ ತಲೆಗೆ ಕಟ್ಟುತ್ತಿದ್ದೇವೆಂಬ ಎಚ್ಚರವಿರಲಿ. ಆ ಲೆಕ್ಕ ಒಪ್ಪಿಸಬೇಕಾದವರು ಯುದ್ಧ ಹೂಡಿದವರು.