ಮೂವತ್ತಕ್ಕೆ ಬಿಟ್ಟರೆ ಹತ್ತು ವರ್ಷ ವಾಪಸ್

"ದಿನಕ್ಕೆ ಎರಡೇ ಕಣೋ, ಅದೂ ಟೀ ಜೊತೆ." ಐಟಿಯಲ್ಲಿರೋರಿಗೆ ಈ ಡೈಲಾಗ್ ಹೊಸದಲ್ಲ. ರಿಲೀಸ್ ಹತ್ತಿರ ಬಂದ್ರೆ ಎರಡು ನಾಲ್ಕಾಗುತ್ತೆ, ವೀಕೆಂಡ್ ಪಾರ್ಟಿಯಲ್ಲಿ ಲೆಕ್ಕವೇ ಇರಲ್ಲ. ಕೇಳಿದರೆ "ಮದುವೆ ಆದ್ಮೇಲೆ ಬಿಡ್ತೀನಿ" ಅಂತಾರೆ. ಮದುವೆ ಆದವರು "ಮಗು ಆಗ್ಲಿ" ಅಂತಾರೆ. ಹೆದರಿಸೋ ಕೆಲಸವನ್ನು ಪ್ಯಾಕ್ ಮೇಲಿನ ಚಿತ್ರವೇ ಮಾಡುತ್ತೆ. ಹಾಗಾಗಿ ಈ ವಾರ ಬರೀ ಡೇಟಾ ಮಾತಾಡೋಣ.

1951ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಸಂಶೋಧಕರು ಬ್ರಿಟನ್ನಿನ ವೈದ್ಯರಿಗೆ ಒಂದು ಚಿಕ್ಕ ಪ್ರಶ್ನಾವಳಿ ಕಳಿಸಿದರು: ನೀವು ಸೇದ್ತೀರಾ, ಎಷ್ಟು ಸೇದ್ತೀರಾ? ಉತ್ತರಿಸಿದ 34,439 ಪುರುಷ ವೈದ್ಯರನ್ನು 50 ವರ್ಷ ಬಿಡದೆ ಗಮನಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸಿಗರೇಟು ಬಿಡದವರು, ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ತೀರಿಕೊಂಡರು. 60ಕ್ಕೆ ಬಿಟ್ಟವರಿಗೆ ಸುಮಾರು 3 ವರ್ಷ ವಾಪಸ್ ಸಿಕ್ಕಿತು. 50ಕ್ಕೆ ಬಿಟ್ಟರೆ 6, 40ಕ್ಕೆ 9. ಮೂವತ್ತಕ್ಕೆ ಬಿಟ್ಟವರಿಗೆ? ಹೆಚ್ಚುಕಮ್ಮಿ ಪೂರ್ತಿ 10!

"ಹೋಗೋದು ಮುದಿ ವಯಸ್ಸಿನ ಹತ್ತು ವರ್ಷ ತಾನೇ" ಅಂತ ಜೋಕ್ ಮಾಡೋರಿದ್ದಾರೆ. ಸಮಸ್ಯೆ ಏನಂದ್ರೆ, ಅದಕ್ಕೂ ಮುಂಚಿನ ವರ್ಷಗಳು ಸುಖವಾಗಿರಲ್ಲ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಹೊಗೆಗೆ ನಿಧಾನವಾಗಿ ಹಾಳಾಗ್ತಾ ಹೋಗುತ್ತವೆ. ಮೂವತ್ತರಲ್ಲಿ ಗೊತ್ತೇ ಆಗಲ್ಲ, ಯಾಕಂದ್ರೆ ದೇಹದ ಬಳಿ ಬೇಕಾದಷ್ಟು ಬ್ಯಾಕಪ್ ಇರುತ್ತೆ. ಬ್ಯಾಕಪ್ ಮುಗಿದ ಮೇಲೆ ಎರಡು ಮಹಡಿ ಹತ್ತೋದೂ ಕಷ್ಟ. ಸಿಒಪಿಡಿ ಅನ್ನೋದು ಇದಕ್ಕೇ. ಬಿಟ್ಟರೆ ಹಾನಿಯ ವೇಗ ತಗ್ಗುತ್ತೆ, ಆದರೆ ಹೋದ ಗಾಳಿಚೀಲ ಮತ್ತೆ ಬರಲ್ಲ. ಇದಕ್ಕೆ ರೋಲ್‌ಬ್ಯಾಕ್ ಇಲ್ಲ.

ಈಗ "ಎರಡೇ" ವಿಷಯಕ್ಕೆ ಬರೋಣ. ದಿನಕ್ಕೆ 20 ಬದಲು 1 ಸೇದಿದರೆ ಅಪಾಯವೂ ಇಪ್ಪತ್ತನೇ ಒಂದು ಭಾಗ ಆಗಬೇಕಲ್ವಾ? ಹೃದಯದ ವಿಷಯದಲ್ಲಿ ಹಾಗಲ್ಲ. ದಿನಕ್ಕೆ ಒಂದೇ ಸೇದಿದರೂ, 20 ಸೇದುವವರ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ನಿಮ್ಮದಾಗುತ್ತೆ ಅಂತ 2018ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿದೆ. ಕಡಿಮೆ ಮಾಡೋದು ಒಳ್ಳೇದೇ, ಆದರೆ ಹೃದಯಕ್ಕೆ ಅದು ಸಾಲಲ್ಲ.

"ಸೇದಿದ್ರೆ ಸ್ಟ್ರೆಸ್ ಹೋಗುತ್ತೆ" ಅನ್ನೋದೂ ಪೂರ್ತಿ ನಿಜ ಅಲ್ಲ. ರಕ್ತದಲ್ಲಿರೋ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧ ಆಗುತ್ತೆ, ಆಗ ಚಡಪಡಿಕೆ ಶುರು. ಮುಂದಿನ ಸಿಗರೇಟು ಕಳೆಯೋದು ಹಿಂದಿನ ಸಿಗರೇಟು ತಂದ ಆ ಚಡಪಡಿಕೆಯನ್ನೇ. ಬಗ್ ಹಾಕಿದವನೇ ಬಂದು ಫಿಕ್ಸ್ ಮಾಡಿ ಹೊಗಳಿಸಿಕೊಂಡ ಹಾಗೆ!

ಬಿಟ್ಟ ಮೊದಲ ವಾರ ಕಷ್ಟ, ಅದರಲ್ಲೂ ಮೊದಲ ಎರಡು ಮೂರು ದಿನ. ಆದರೆ ಒಂದೊಂದು ಸಲದ ಆಸೆ ಕೆಲವೇ ನಿಮಿಷ ಇರುತ್ತೆ. ನೀರು ಕುಡಿಯಿರಿ, ಒಂದು ರೌಂಡ್ ನಡೆಯಿರಿ. ಒಬ್ಬರಿಗೇ ಆಗಲ್ಲ ಅನಿಸಿದರೆ 1800-11-2356ಗೆ ಫ್ರೀಯಾಗಿ ಕರೆ ಮಾಡಬಹುದು. ನಂಬರ್ ನಿಮ್ಮ ಪ್ಯಾಕ್ ಮೇಲೇ ಇದೆ. ನಿಕೋಟಿನ್ ಗಮ್, ಔಷಧಿಗಳ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಮೊದಲ ಪ್ರಯತ್ನದಲ್ಲೇ ಆಗದಿದ್ದರೆ ಬೇಜಾರಾಗಬೇಡಿ, ಮತ್ತೆ ಡೇಟ್ ಹಾಕಿ.

ಅಂದ ಹಾಗೆ, ಡಾಲ್ ಕೂಡ ಸೇದ್ತಿದ್ದವರೇ. ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ತಾವೇ ಕಲೆಹಾಕಿದ ಅಂಕಿಅಂಶ ನೋಡಿ ಮೂವತ್ತರ ಕೊನೆಯಲ್ಲಿ ಬಿಟ್ಟರು. 2005ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.