ಫೋಟೊ ತೆಗೆದವನ ಹೆಸರೆಲ್ಲಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಾ ಕಡೆಯವರೂ ಕೇಳ್ರಿ. ಏಪ್ರಿಲ್ 14ರ ಮೆರವಣಿಗೆ ಫೋಟೊ ಹಾಕ್ತೀರಿ. ಮೂಲೆಯಲ್ಲಿದ್ದ ಹೆಸರು ಕತ್ತರಿಸಿ ಅಲ್ಲಿ ಮುಖಂಡರ ಮುಖ ಅಂಟಿಸ್ತೀರಿ. ಆ ಸುಡು ಬಿಸಿಲಾಗ ಓಡಾಡಿ ಫೋಟೊ ತೆಗೆದ ನಮ್ಮ ಹುಡುಗ ಎಲ್ಲಿ ಹೋದ?

ಮುಂಬೈ ಸಫಾಯಿ ಕಾರ್ಮಿಕರ ಬದುಕು ತೋರಿಸಿದ ಸುಧಾರಕ ಓಲ್ವೆ, ತಮಿಳುನಾಡಿನ ಪೌರಕಾರ್ಮಿಕರ ಸಂಕಟ ತೋರಿಸಿದ ಪಳನಿ ಕುಮಾರ್ ನಮಗೆ ಗೊತ್ತಾಗಿದ್ದೇ ಫೋಟೊ ಜೊತೆ ಹೆಸರು ಇದ್ದದ್ದಕ್ಕ.

"ಸಮಾಜದ ಫೋಟೊ, ಹೆಸರ್ಯಾಕ?" ಅಂತಾರ. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು. ಇದನ್ನ ನಾವೇ ಮಾಡೋದಾ? ದುಡ್ಡು ಕೊಟ್ಟೀವಿ ಅನ್ನೋರು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಓದ್ರಿ. ಕೃತಿಸ್ವಾಮ್ಯ ಮಾರಿದ ಮೇಲೂ 'ಇದು ನನ್ನ ಕೃತಿ' ಅನ್ನುವ ಹಕ್ಕು ಕರ್ತೃವಿನದೇ.

ಯಾರ ಫೋಟೊ ಗೊತ್ತಿಲ್ಲಾಂದ್ರ ಗ್ರೂಪಿನಾಗ ಕೇಳ್ರಿ. ಹೆಸರು ಸಿಕ್ಕ ಮೇಲೆ ಶೇರ್ ಮಾಡ್ರಿ.